ಮೊದಲು ಕೇಳಿಸಿಕೊಂಡವರ ಹೊಣೆ

ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳು ಅಲ್ಲಿಂದ ನೇರವಾಗಿ ನ್ಯಾಯಾಲಯಕ್ಕಾಗಲಿ ಪೊಲೀಸ್ ಠಾಣೆಗಾಗಲಿ ಹೋಗುವುದು ತೀರ ಅಪರೂಪ. ಅವಳು ತನ್ನ ಸಂಕಟವನ್ನು ಮೊದಲು ತೋಡಿಕೊಳ್ಳುವುದು ತಾಯಿಯ ಮುಂದೆ, ಅಕ್ಕನ ಮುಂದೆ, ನಲ್ಲಿಯ ಬಳಿ ಸಿಕ್ಕುವ ನೆರೆಮನೆಯವಳ ಮುಂದೆ, ಹೆಚ್ಚೆಂದರೆ ಮನೆಗೆ ಬಂದುಹೋಗುವ ಆಶಾ ಕಾರ್ಯಕರ್ತೆಯ ಮುಂದೆ. ಹಾಗೆ ಮೊದಲು ಕೇಳಿಸಿಕೊಂಡವರು ಏನು ಹೇಳುತ್ತಾರೆ ಎಂಬುದರ ಮೇಲೆ ಆ ಹೆಣ್ಣಿನ ಮುಂದಿನ ಬಾಳು, ಎಷ್ಟೋ ವೇಳೆ ಅವಳ ಪ್ರಾಣವೇ, ನಿಂತಿರುತ್ತದೆ. ಕೌಟುಂಬಿಕ ಹಿಂಸೆಯನ್ನು ಕುರಿತ ನಮ್ಮ ಸಾರ್ವಜನಿಕ ಚರ್ಚೆಗಳು ಕಾನೂನು ಸಾಲದೆಂದೋ ಅತಿಯಾಯಿತೆಂದೋ ವಾದಿಸುವುದರಲ್ಲಿಯೇ ಮುಗಿದುಹೋಗುತ್ತವೆಯೇ ಹೊರತು, ಕಾನೂನಿನ ಬಾಗಿಲು ಕಣ್ಣಿಗೆ ಬೀಳುವುದಕ್ಕೆ ಬಹು ಮುಂಚೆಯೇ, ತವರಿನ ಜಗಲಿಯ ಮೇಲೆ, ಇಂಥ ದುಃಖಗಳಲ್ಲಿ ಬಹುಪಾಲಿಗೆ ತೀರ್ಪು ಆಗಿಹೋಗಿರುತ್ತದೆ ಎಂಬ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷ ವಯಸ್ಸಿನ ವಿವಾಹಿತೆಯರ ಪೈಕಿ ಶೇಕಡಾ 44ರಷ್ಟು ಮಂದಿ ಎಂದಾದರೊಮ್ಮೆ ಪತಿಯ ಹಿಂಸೆಗೆ ಗುರಿಯಾದುದಾಗಿ ತಿಳಿಸಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣವು ಶೇಕಡಾ 21ರ ಆಸುಪಾಸಿನಲ್ಲಿತ್ತು. ಹಿಂಸೆಯೇ ಇಮ್ಮಡಿಸಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬುದನ್ನು ಬಲ್ಲವರು ವಿಚಾರಿಸಲಿ. ಅದಕ್ಕಿಂತಲೂ ಮನಸ್ಸನ್ನು ಕಲಕುವ ಅಂಶವೊಂದು ಅದೇ ಸಮೀಕ್ಷೆಯಲ್ಲಿದೆ. ಅತ್ತೆಮಾವಂದಿರಿಗೆ ಅಗೌರವ ತೋರಿದರೆ, ಮನೆಯನ್ನೋ ಮಕ್ಕಳನ್ನೋ ಅಲಕ್ಷಿಸಿದರೆ, ಹೇಳದೆ ಹೊರಗೆ ಹೋದರೆ, ಇಂಥ ಯಾವುದಾದರೊಂದು ಕಾರಣಕ್ಕೆ ಗಂಡನು ಹೆಂಡತಿಯನ್ನು ಹೊಡೆಯುವುದು ಸರಿಯೆಂದು ನಮ್ಮ ರಾಜ್ಯದ ಪುರುಷರಲ್ಲಿ ಶೇಕಡಾ 82ರಷ್ಟು ಜನರೂ, ಸ್ತ್ರೀಯರಲ್ಲಿಯೇ ಶೇಕಡಾ 77ರಷ್ಟು ಜನರೂ ಒಪ್ಪಿದ್ದಾರೆ. ಅಂದಮೇಲೆ, ಹಿಂಸೆಗೊಳಗಾದ ಹೆಂಗಸರಲ್ಲಿ ನೆರವನ್ನು ಅರಸಿ ಹೊರಟವರು ಇಡೀ ದೇಶದಲ್ಲಿ ಶೇಕಡಾ 14ರಷ್ಟು ಮಾತ್ರವೆಂಬುದೂ, ಹಾಗೆ ಹೊರಟವರಲ್ಲಿಯೂ ಹೆಚ್ಚಿನವರು ತವರಿನ ಕಡೆಗೇ ನೋಡಿದರೆಂಬುದೂ ಆಶ್ಚರ್ಯವಲ್ಲ.

ತವರು ಏನು ಹೇಳುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ ಹಿರಿಯರು. ಸ್ವಲ್ಪ ಹೊಂದಿಕೊಂಡು ಹೋಗು, ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾಳೆ ತಾಯಿ. ಈ ಮಾತು ಕ್ರೌರ್ಯದಿಂದ ಹುಟ್ಟಿದುದೆಂದು ನಾನು ಹೇಳಲಾರೆ. ಇನ್ನೂ ತೀರದ ಮದುವೆಯ ಸಾಲ, ಮನೆಯಲ್ಲಿರುವ ಎರಡನೆಯ ಮಗಳ ಸಂಬಂಧದ ಚಿಂತೆ, ಓಣಿಯವರ ಬಾಯಿ, ಇವೆಲ್ಲವೂ ಆ ತಾಯಿಯ ಕೊರಳನ್ನು ಹಿಸುಕಿ ಆಡಿಸುವ ಮಾತು ಅದು. ಆಕೆಗೆ ತಿಳಿದಿರುವುದು ಎರಡೇ ದಾರಿ: ಒಂದು, ಸಹಿಸಿಕೊಳ್ಳುವುದು, ಇನ್ನೊಂದು, ಅಳಿಯನನ್ನು ಜೈಲಿಗೆ ಕಳುಹಿಸಿ ಮಗಳ ಸಂಸಾರವನ್ನು ಮುರಿಯುವುದು. ಎರಡನೆಯದಕ್ಕೆ ಅಂಜಿ ಮೊದಲನೆಯದನ್ನು ಬೋಧಿಸುತ್ತಾಳೆ.

ಮೂರನೆಯ ದಾರಿಯೊಂದು 2006ರ ಅಕ್ಟೋಬರ್ 26ರಿಂದಲೂ ತೆರೆದೇ ಇದೆ. ಅಂದು ಜಾರಿಗೆ ಬಂದ, 2005ನೆಯ ಇಸವಿಯ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ ಅಧಿನಿಯಮವು, ಪ್ರಧಾನವಾಗಿ ದಂಡಿಸುವ ಕಾನೂನಲ್ಲ, ಕಾಪಾಡುವ ಕಾನೂನು. ಹೊಡೆತವನ್ನು ಮಾತ್ರವಲ್ಲದೆ, ಲೈಂಗಿಕ ಬಲಾತ್ಕಾರವನ್ನೂ, ದಿನನಿತ್ಯದ ಹೀನಾಯದ ಬೈಗುಳವನ್ನೂ, ಸ್ತ್ರೀಧನವನ್ನು ಕಸಿದುಕೊಂಡು ಮನೆವೆಚ್ಚಕ್ಕೆ ಕಾಸು ಕೊಡದೆ ಸತಾಯಿಸುವುದನ್ನೂ ಅದು ಹಿಂಸೆಯೆಂದೇ ಗಣಿಸುತ್ತದೆ. ಹೆಂಡತಿಗೆ ಮಾತ್ರವಲ್ಲ, ಒಂದೇ ಮನೆಯಲ್ಲಿ ಬಾಳಿದ ತಾಯಿಗೂ, ಸಹೋದರಿಗೂ, ವಿಧವೆಯಾದ ಸೊಸೆಗೂ ಅದರ ಆಶ್ರಯವುಂಟು. ಹೊಡೆಯಕೂಡದೆಂದು ಗಂಡನಿಗೆ ಆಜ್ಞೆ ಮಾಡುವ, ಜೀವನಾಂಶವನ್ನು ಕೊಡಿಸುವ, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಒಪ್ಪಿಸುವ ಅಧಿಕಾರವನ್ನು ಅದು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆ ಯಾರ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಅವಳಿಗುಂಟೆಂದು ಹೇಳಿದೆ. ಮನೆಯು ಅತ್ತೆಮಾವಂದಿರದೇ ಆದರೂ ಅದು ಅವಳ ಪಾಲಿಗೆ ಸಹವಾಸದ ಗೃಹವಾಗಬಲ್ಲುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. ಹೊಡೆಸಿಕೊಂಡವಳು ಗಂಟುಮೂಟೆ ಕಟ್ಟಿಕೊಂಡು ರಾತ್ರಿ ಬೀದಿಗೆ ಬರಬೇಕು, ಹೊಡೆದವನು ಒಳಗೆ ಮಲಗಬೇಕು ಎಂಬ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ ಉಪಬಂಧವಿದು. ಅಗತ್ಯವೆನಿಸಿದರೆ ಆ ಮನೆಯಿಂದ ಹೊರಗೆ ಹೋಗೆಂದು ಅವನಿಗೇ ಆಜ್ಞಾಪಿಸಬಹುದು.

ಇದನ್ನರಿಯದ ನಾವು ಇಂದಿಗೂ ನೆಚ್ಚಿಕೊಂಡಿರುವುದು ಮುಚ್ಚಳಿಕೆಯನ್ನು. ಠಾಣೆಯಲ್ಲಿ ಎರಡೂ ಕಡೆಯ ಹಿರಿಯರು ಕುರ್ಚಿಗಳ ಮೇಲೆ ಕುಳಿತಿರುತ್ತಾರೆ, ಹುಡುಗಿ ಗೋಡೆಗೆ ಒರಗಿ ನಿಂತಿರುತ್ತಾಳೆ. ಇನ್ನು ಮುಂದೆ ಹೀಗೆ ನಡೆದುಕೊಳ್ಳುವುದಿಲ್ಲವೆಂದು ಗಂಡನಿಂದ ಒಂದು ಬಿಳಿಯ ಹಾಳೆಯ ಮೇಲೆ ಬರೆಸಿಕೊಂಡು, ಅವಳಿಂದಲೂ ಒಂದು ರುಜು ಹಾಕಿಸಿಕೊಂಡು, ಚಹಾ ಕುಡಿದು ಎಲ್ಲರೂ ಏಳುತ್ತಾರೆ. ಆ ಹಾಳೆಯನ್ನು ಮೀರಿದವನಿಗೆ ಆಗುವುದು ಬಹುಮಟ್ಟಿಗೆ ಇನ್ನೊಂದು ಹಾಳೆ. ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶವಾದರೋ ಹಾಗಲ್ಲ. ಅದನ್ನು ಉಲ್ಲಂಘಿಸುವುದೇ ಒಂದು ಅಪರಾಧ, ಅದಕ್ಕೆ ಒಂದು ವರ್ಷದವರೆಗಿನ ಸೆರೆವಾಸ ಇಲ್ಲವೆ 20,000 ರೂಪಾಯಿಗಳವರೆಗಿನ ಜುಲ್ಮಾನೆ, ಅಥವಾ ಎರಡೂ. ರಾಜಿಯನ್ನೇ ಬಯಸುವವರು ಕೂಡ ಈ ಆದೇಶವನ್ನು ಕೈಯಲ್ಲಿಟ್ಟುಕೊಂಡು ರಾಜಿಯಾಗುವುದು ಲೇಸು.

ಇದೇ ಅಧಿನಿಯಮದ 4ನೆಯ ಪ್ರಕರಣವು ಮೊದಲು ಕೇಳಿಸಿಕೊಂಡವರನ್ನೇ ಉದ್ದೇಶಿಸಿ ಬರೆದಂತಿದೆ. ಹಿಂಸೆ ನಡೆದಿದೆಯೆಂದು, ನಡೆಯುತ್ತಿದೆಯೆಂದು, ನಡೆಯಬಹುದೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ಹಾಗೆ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರತಕ್ಕದ್ದಲ್ಲ. ಪರರ ಮನೆಯ ವಿಷಯ ನಮಗೇಕೆ ಎಂಬ ಅಳುಕಿಗೆ ಶಾಸನವೇ ಇತ್ತ ಉತ್ತರವಿದು. ಬಚ್ಚಲಿನಲ್ಲಿ ಜಾರಿಬಿದ್ದೆನೆಂದು ಹೇಳಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವಳ ಮುಂಗೈಯ ಹೊರಮೈಯಲ್ಲಿ, ಕಿರುಬೆರಳ ಕಡೆಯ ಮೂಳೆಯ ಉದ್ದಕ್ಕೂ, ಬಾಸುಂಡೆಗಳು ಎದ್ದಿದ್ದರೆ, ಅವು ಮುಖದ ಮೇಲೆ ಬೀಳಲಿದ್ದ ಏಟಿಗೆ ಅಡ್ಡವಾಗಿ ಕೈಯೆತ್ತಿದ ಗುರುತುಗಳೂ ಆಗಿರಬಹುದೆಂಬುದು ಅನುಭವವುಳ್ಳ ದಾದಿಗೆ ತಿಳಿದಿರುತ್ತದೆ. ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಮೆಲ್ಲಗೆ ವಿಚಾರಿಸಿ, ಕಂಡುದನ್ನು ಕಂಡಂತೆ ಚೀಟಿಯಲ್ಲಿ ಬರೆಯುವುದು ಔಷಧೋಪಚಾರದಷ್ಟೇ ಅಗತ್ಯವಾದ ಶುಶ್ರೂಷೆ. ನಾಳೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದು ಆ ಚೀಟಿಯೇ.

ಸುಳ್ಳು ದೂರುಗಳಿಲ್ಲವೆ ಎಂದು ಕೇಳುವವರಿದ್ದಾರೆ. ಸುಳ್ಳಿಗೆ ಅವಕಾಶವಿಲ್ಲದ ಕಾನೂನು ಯಾವುದೂ ಇಲ್ಲ, ಅದನ್ನು ಜರಡಿ ಹಿಡಿಯುವುದಕ್ಕಾಗಿಯೇ ನ್ಯಾಯಾಲಯಗಳಿರುವುದು. ದೂರು ಬಂದೊಡನೆ ವಿವೇಚನೆಯಿಲ್ಲದೆ ದಸ್ತಗಿರಿ ಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ವಿಧಿಸಿದೆ. ಇದಕ್ಕಿಂತ ನ್ಯಾಯವಾದ ಆಕ್ಷೇಪಣೆಯೊಂದನ್ನು ಸರ್ಕಾರದ ಮೇಲೆ ಹೊರಿಸಬೇಕಾಗಿದೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ವಹಿಸಿರುವುದು ಅಂಗನವಾಡಿಗಳ ಮೇಲ್ವಿಚಾರಣೆಯಲ್ಲಿಯೇ ಹೈರಾಣಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ. ಅರುವತ್ತು ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಶಾಸನವು ಹೇಳಿದ ಅರ್ಜಿಗಳು ವರ್ಷಗಟ್ಟಲೆ ಎಳೆಯುತ್ತವೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ದೆಸೆಯಿಂದ, ಗಂಡನ ಮುಂದೆ ಬಸ್ ಚಾರ್ಜಿಗೆ ಕೈಯೊಡ್ಡದೆ ಅವಳು ತಾಲ್ಲೂಕು ಕಚೇರಿಯವರೆಗೆ ಬರಬಲ್ಲಳು. ಬಂದವಳಿಗೆ ಬೀಗ ಹಾಕಿದ ಕೊಠಡಿಯೋ ಮುಂದಿನ ವಾರ ಬಾ ಎಂಬ ಉತ್ತರವೋ ಎದುರಾಗಬಾರದು. ಪ್ರತಿ ತಾಲ್ಲೂಕಿಗೂ ಅನ್ಯಕಾರ್ಯವಿಲ್ಲದ ಒಬ್ಬ ಸಂರಕ್ಷಣಾಧಿಕಾರಿಯನ್ನು ನೇಮಿಸುವುದು ಸರ್ಕಾರಕ್ಕೆ ಭಾರವಾದ ವೆಚ್ಚವೇನಲ್ಲ.

ಅದಾಗುವ ತನಕವೂ ನಮ್ಮ ಪಾಲಿನ ಕರ್ತವ್ಯವು ನಿಲ್ಲತಕ್ಕದ್ದಲ್ಲ. ನಿಮ್ಮ ಮಗಳೋ ತಂಗಿಯೋ ನೆರೆಯವಳೋ ಬಂದು ಹೇಳಿಕೊಂಡಾಗ, ನೀನೇನು ಮಾಡಿದೆ ಎಂದು ಕೇಳಬೇಡಿ. ಅವಳ ಮಾತನ್ನು ನಂಬಿ, ಇಂದು ರಾತ್ರಿ ನಿನಗೆ ಅಪಾಯವಿದೆಯೆ ಎಂದು ಕೇಳಿ. ಮಹಿಳಾ ಸಹಾಯವಾಣಿ 181, ಪ್ರಾಣಭಯವಿದ್ದರೆ 112. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿದೆ, ಅಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ತಾತ್ಕಾಲಿಕ ಆಶ್ರಯ ಒಂದೆಡೆ ದೊರೆಯುತ್ತವೆ. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆ ಬೇಡ, ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆಮಾಡಿದರೆ ಸಾಕು, ಆದಾಯ ಎಷ್ಟೇ ಇರಲಿ ಹೆಂಗಸರಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ಸಲ್ಲುತ್ತದೆ. ಈ ಮೂರು ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಳ್ಳಿ. ಕೇಳಿಕೊಂಡು ಬರುವವರು ಯಾವಾಗ ಬರುತ್ತಾರೆಂದು ಹೇಳಬರುವುದಿಲ್ಲ.