ಬಾಡಿಗೆಯ ಮೇಘ, ಸ್ವಂತ ಕೀಲಿಕೈ

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರನಾಗಲಿ, ಚಿಂತಾಮಣಿಯ ವರ್ತಕನಾಗಲಿ, ಗೌರಿಬಿದನೂರಿನ ಕೈಗಾರಿಕೆಯವನಾಗಲಿ, ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರನಾಗಲಿ ತನ್ನ ಸರಕನ್ನು ದೂರದ ಗಿರಾಕಿಗೆ ತಿಳಿಸಲು ಇಂದು ಜಾಲತಾಣವು ಒಳ್ಳೆಯ ಸಾಧನ. ಆದರೆ ಅದನ್ನು ಅಂಗಡಿಯ ಕಂಪ್ಯೂಟರಿನಲ್ಲಿಯೇ ಇರಿಸಿದರೆ, ವಿದ್ಯುತ್ತು ಹೋದೊಡನೆ ತಾಣವೂ ಕಣ್ಮರೆಯಾಗುವುದು. ಇದಕ್ಕೆ ಪರಿಹಾರವೇ ‘ಕ್ಲೌಡ್’.

ಈ ಮೇಘವು ಆಕಾಶದಲ್ಲಿಲ್ಲ. ದತ್ತಾಂಶ ಕೇಂದ್ರಗಳಲ್ಲಿ ಸಾಲುಗಟ್ಟಿ ನಿಂತಿರುವ ಸಾವಿರಾರು ಕಂಪ್ಯೂಟರುಗಳೇ ಅದು. ಒಂದೊಂದು ಯಂತ್ರವನ್ನೂ ತಂತ್ರಾಂಶದ ಬಲದಿಂದ ಹಲವು ಯಂತ್ರಗಳೋ ಎಂಬಂತೆ ವಿಭಾಗಿಸಿ ಬಾಡಿಗೆಗೆ ಕೊಡುವರು. ಅಮೆಜಾನ್ ಸಂಸ್ಥೆಯು 2006ರಲ್ಲಿ ಇಂತಹ ಸೇವೆಯನ್ನು ಆರಂಭಿಸಿ, 2016ರಲ್ಲಿ ಮುಂಬಯಿಗೂ ತಂದಿತು. ಸಂದರ್ಶಕರು ಹೆಚ್ಚಿದಾಗ ಹೆಚ್ಚು ಯಂತ್ರ, ತಗ್ಗಿದಾಗ ಕಡಿಮೆ, ಬಳಸಿದಷ್ಟಕ್ಕೆ ಹಣ. ಸಣ್ಣ ವ್ಯಾಪಾರಿಗೆ ಇದು ಅನುಕೂಲವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಬಾಡಿಗೆಯ ಮನೆಯ ಕೀಲಿಕೈ ಯಾರ ಬಳಿ ಇದೆ? ತಾಣದ ವಿಳಾಸವೂ ಗುಪ್ತಪದವೂ ಅದನ್ನು ಕಟ್ಟಿಕೊಟ್ಟವನಲ್ಲಿಯೇ ಉಳಿದರೆ, ಅವನೊಡನೆ ಮನಸ್ತಾಪ ಬಂದ ದಿನ ವರ್ತಕನು ತನ್ನ ಹೆಸರನ್ನೇ ಕಳೆದುಕೊಳ್ಳಬಹುದು. ಆದುದರಿಂದ ವಿಳಾಸವನ್ನು ಯಜಮಾನನ ಹೆಸರಿನಲ್ಲಿ ನೋಂದಾಯಿಸತಕ್ಕದ್ದು; ತಾಣದ ಒಂದು ಪ್ರತಿಯನ್ನು ಅವನಲ್ಲಿಯೂ ಇರಿಸತಕ್ಕದ್ದು; ಬಾಡಿಗೆ ಮಿತಿಮೀರುವ ಮುನ್ನ ಎಚ್ಚರಿಕೆ ಬರುವಂತೆ ಏರ್ಪಡಿಸತಕ್ಕದ್ದು. ವಿವರಗಳನ್ನು ಚಿತ್ರವಾಗಿ ಅಂಟಿಸದೆ ಯೂನಿಕೋಡ್ ಕನ್ನಡದಲ್ಲಿ ಬರೆದರೆ, ಕನ್ನಡದಲ್ಲಿ ಹುಡುಕುವವರಿಗೂ ಅವು ದೊರೆಯುವುವು.

ಈ ಊರುಗಳ ಕಾಲೇಜು ವಿದ್ಯಾರ್ಥಿಗಳಿಗೆ ಈ ವಿದ್ಯೆ ಅಸಾಧ್ಯವೇನಲ್ಲ. ಕಲಿತು ನೆರೆಯ ಅಂಗಡಿಗೆ ತಾಣವನ್ನು ಕಟ್ಟಿಕೊಡಲಿ. ಕಟ್ಟಿದ ಮೇಲೆ ಕೀಲಿಕೈಯನ್ನು ಯಜಮಾನನ ಕೈಗೆ ಒಪ್ಪಿಸುವುದೇ ಈ ಕಸುಬಿನ ಧರ್ಮವೆಂದು ನಾವು ಭಾವಿಸುತ್ತೇವೆ.