ಎರಡನೇ ಭಾಗ ಅಂದ್ರೆ ಇನ್ನೂ ದೊಡ್ಡ ರಾಕ್ಷಸ ಅಂತ ಯಾರು ಹೇಳಿದ್ದು?

ಮೊದಲೇ ಹೇಳಿಬಿಡ್ತೀನಿ. ಮೊದಲ ಭಾಗದಲ್ಲಿ ಆಟಗಾರರು ಕಷ್ಟಪಟ್ಟು ಉಳಿಸಿದ ಊರನ್ನು ಎರಡನೇ ಭಾಗದ ಶುರುವಿನಲ್ಲೇ ಸುಟ್ಟುಹಾಕುವ ಡಂಜನ್ ಮಾಸ್ಟರ್ ಶುದ್ಧ ಸೋಮಾರಿ. ಕಟುವಾಯ್ತಾ? ಆಗ್ಲಿ ಬಿಡಿ.

ಈ ಆಟದ ಗಂಧಗಾಳಿ ಇಲ್ಲದ ಬ್ಲಾಗಿಗ ಮಿತ್ರರಿಗೆ ನಾಲ್ಕು ಸಾಲು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗ್ತಾರೆ. ಡಂಜನ್ ಮಾಸ್ಟರ್ ಅಂದ್ರೆ ನಮ್ಮ ಯಕ್ಷಗಾನದ ಭಾಗವತರ ಹಾಗೆ. ಜೊತೆಗೆ ಎದುರು ವೇಷಗಳೆಲ್ಲ ಅವನವೇ. "ಈಗೇನು ಮಾಡ್ತೀರಿ?" ಅಂತ ಅವನು ಕೇಳ್ತಾನೆ, ಆಟಗಾರರು ಹೇಳ್ತಾರೆ, ಆಯಿತೋ ಇಲ್ಲವೋ ಅಂತ ದಾಳ ತೀರ್ಮಾನಿಸುತ್ತೆ. ಹೀಗೆ ಹತ್ತಾರು ಸಂಜೆ ಆಡಿ ಮುಗಿಸುವ ಉದ್ದನೆಯ ಕಥೆಗೆ ಕ್ಯಾಂಪೇನ್ ಅಂತ ಹೆಸರು. ವರ್ಷಗಟ್ಟಲೆ ಎಳೆಯೋದೂ ಉಂಟು.

ಕಥೆ ಮುಗಿದ ಮೇಲೆ ಎಲ್ರಿಗೂ ಒಂಥರಾ ಖಾಲಿ ಖಾಲಿ. "ಪಾರ್ಟ್ ಟೂ ಮಾಡೋಣ ಕಣ್ರೋ" ಅಂತಾನೆ ಒಬ್ಬ. ತಾಪತ್ರಯ ಶುರುವಾಗೋದು ಅಲ್ಲಿಂದ...

ನಾನು ಆಡಿದ ಒಂದು ಕಥೆಯಲ್ಲಿ ಹೊಳೆ ದಂಡೆಯ ಮೇಲೊಂದು ಹಳ್ಳಿ ಇತ್ತು. ಗೆಳೆಯನೊಬ್ಬನ ಪಾತ್ರ ಸೇತುವೆ ಮೇಲೆ ಒಬ್ಬನೇ ನಿಂತು, ಊರವರೆಲ್ಲ ದಾಟುವ ತನಕ ಶತ್ರುಗಳನ್ನು ತಡೆದು ಸತ್ತುಹೋಯ್ತು. ಆವತ್ತು ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಗೆಳೆಯ ಕೆಲಸ ಅಂತ ಪರದೇಶಕ್ಕೆ ಹೋದ. ಎರಡನೇ ಭಾಗ ನಡೆಸಿದ್ದು ಬೇರೊಬ್ಬರು. ಶುರುವಾಗಿ ಐದು ನಿಮಿಷ ಆಗಿಲ್ಲ, ಆಕಾಶದಿಂದ ಏನೋ ಬಂತು, ಹಳ್ಳಿ ಬೂದಿಯಾಯ್ತು! "ಈಗ ನಿಮಗೆ ಇನ್ನೂ ದೊಡ್ಡ ಶತ್ರು" ಅಂದರು. ಮೂರು ವಾರಕ್ಕೆ ಆಟ ನಿಂತುಹೋಯ್ತು. ಎಲ್ರಿಗೂ ಕೆಲಸ ಜಾಸ್ತಿ ಅನ್ನೋ ನೆಪ. ನಿಜ ಏನು ಗೊತ್ತಾ? ಉಳಿಸಿದ್ದೆಲ್ಲ ಐದು ನಿಮಿಷದಲ್ಲಿ ಬೂದಿ ಆಗುತ್ತೆ ಅಂತ ಗೊತ್ತಾದ ಮೇಲೆ ಸೇತುವೆ ಕಾಯೋ ಉಸಾಬರಿ ಯಾರಿಗೆ ಬೇಕು?

ಪುಸ್ತಕ ಅಚ್ಚು ಹಾಕುವವರೂ ಇದನ್ನೇ ಮಾಡಿದ್ದಾರೆ. ಫರ್ಗಾಟನ್ ರೆಲ್ಮ್ಸ್ ಅಂತ ಈ ಆಟದ ಬಹಳ ಜನಪ್ರಿಯ ಲೋಕ ಒಂದಿದೆ. 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಆ ಲೋಕದ ಕಾಲವನ್ನು ಸುಮಾರು 100 ವರ್ಷ ಮುಂದಕ್ಕೆ ತಳ್ಳಿದರು. ಮಂತ್ರವಿದ್ಯೆಯ ದೇವತೆ ಮಿಸ್ಟ್ರಾಳನ್ನು ಕೊಂದು, ಸ್ಪೆಲ್‌ಪ್ಲೇಗ್ ಅನ್ನೋ ಪ್ರಳಯ ತಂದು, ದೇಶದೇಶಗಳನ್ನೇ ನಕಾಶೆಯಿಂದ ಒರೆಸಿಹಾಕಿದರು. ಅಲ್ಲಿ ವರ್ಷಾನುಗಟ್ಟಲೆ ಆಡಿದವರು ಸಿಟ್ಟಾಗದೆ ಇರ್ತಾರಾ? 2014ರ ಐದನೇ ಆವೃತ್ತಿಯ ಹೊತ್ತಿಗೆ ಮಿಸ್ಟ್ರಾ ವಾಪಸ್ಸು, ಒರೆಸಿದ್ದರಲ್ಲಿ ಎಷ್ಟೋ ವಾಪಸ್ಸು!

"ಗೈಗ್ಯಾಕ್ಸೇ ದೊಡ್ಡ ದೊಡ್ಡ ಶತ್ರು ತಂದಿದ್ದನಲ್ಲ" ಅಂತ ಹಳಬರು ವಾದಿಸ್ತಾರೆ. ಹೌದು, 1978ರಲ್ಲಿ ಬಂದ ಅವನ ದೈತ್ಯರ ಮೂರು ಕಥೆಗಳ ಹಿಂದೆಯೇ ನೆಲದಡಿಯ ಡ್ರೌಗಳ ಕಥೆಗಳು ಬಂದವು. 1980ರಲ್ಲಿ ಡ್ರೌಗಳ ದೇವತೆ ಲೋಲ್ತ್ ಎದುರಿಗೇ ನಿಂತಳು. ಆದರೆ ಸ್ವಾಮಿ, ದೈತ್ಯರನ್ನು ಕುಣಿಸುತ್ತಿರುವ ಕೈ ಬೇರೆ ಇದೆ ಅನ್ನೋ ಸುಳಿವು ಆ ದೈತ್ಯರ ಕಥೆಯಲ್ಲೇ ಇತ್ತು. ಆಟಗಾರರು ಎಳೆ ಹಿಡಿದುಕೊಂಡು ಕೆಳಗಿಳಿದರು. ಅವರು ಗೆದ್ದದ್ದನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಹಳೇ ಪಾತ್ರಗಳನ್ನೇ ಮುಂದುವರಿಸುವ ಹಟಕ್ಕೂ ನನ್ನ ವಿರೋಧ ಇದೆ. ಐದನೇ ಆವೃತ್ತಿಯಲ್ಲಿ ಇರೋದು 20 ಲೆವೆಲ್. 17ಕ್ಕೆ ಬಂದ ಮಾಂತ್ರಿಕನಿಗೆ ವಿಶ್ ಅನ್ನೋ ಮಂತ್ರವೇ ಸಿಗಬಹುದು, ಬೇಡಿದ್ದನ್ನು ಕೊಡುವ ಕಲ್ಪವೃಕ್ಷ ಅನ್ನಿ. ಸತ್ತವರನ್ನು ಎಬ್ಬಿಸೋದು ಅಷ್ಟರಲ್ಲಿ ಮಾಮೂಲಾಗಿರುತ್ತೆ. ಇಂಥವರನ್ನು ಹೆದರಿಸೋಕೆ ಆಕಾಶವನ್ನೇ ಕೆಡವಬೇಕು. ಕೆಡವ್ತಾರೆ ಕೂಡ!

ಸರಿಯಾಗಿ ಮಾಡಿದವರೂ ಇದ್ದಾರೆ. ಕ್ರಿಟಿಕಲ್ ರೋಲ್ ಅನ್ನೋ ತಂಡ ತಾವು ಆಡೋದನ್ನೇ ಜಗತ್ತಿಗೆಲ್ಲ ತೋರಿಸುತ್ತೆ. ಅವರ ಮೊದಲ ಕ್ಯಾಂಪೇನ್ ಮುಗಿದದ್ದು 2017ರಲ್ಲಿ. 2018ರ ಜನವರಿಯಲ್ಲಿ ಎರಡನೆಯದು ಶುರುವಾದಾಗ ಲೋಕ ಅದೇ, ಆದರೆ ಕಾಲ ಸುಮಾರು 20 ವರ್ಷ ಮುಂದೆ, ಖಂಡ ಬೇರೆ, ಪಾತ್ರಗಳೆಲ್ಲ ಹೊಸವು. ಹಳೇ ವೀರರು ಗೆದ್ದದ್ದು ಗೆದ್ದ ಹಾಗೇ ಉಳೀತು. ಪಾತ್‌ಫೈಂಡರ್ ಆಟದಲ್ಲೂ 2007ರ ರೈಸ್ ಆಫ್ ದ ರೂನ್‌ಲಾರ್ಡ್ಸ್ ಕಥೆಯಲ್ಲಿ ಆಟಗಾರರು ಗೆದ್ದರು ಅಂತ ಇಟ್ಟುಕೊಂಡೇ 2012ರ ಶಾಟರ್ಡ್ ಸ್ಟಾರ್ ಬರೆದರು, 2018ರಲ್ಲಿ ಇನ್ನೊಂದು ಮುಂದಿನ ಭಾಗವನ್ನೂ ಬರೆದರು.

ಅಷ್ಟು ದೂರ ಯಾಕೆ, ನಮ್ಮ ಮನೆಯಲ್ಲೇ ಪಾಠ ಇದೆ. ಕುರುಕ್ಷೇತ್ರ ಮುಗಿದ ಮೇಲಿನ ಅಶ್ವಮೇಧದ ಕಥೆ ನೋಡಿ. ಇನ್ನೂ ದೊಡ್ಡ ದುರ್ಯೋಧನ ಬಂದನಾ? ಇಲ್ವಲ್ಲ! ಕುದುರೆ ಹಿಂದೆ ಹೊರಟ ಅರ್ಜುನನಿಗೆ ಎದುರಾಗೋದು ಅವನು ಹಿಂದೆ ಮಾಡಿಟ್ಟದ್ದೇ. ಮಣಿಪುರದಲ್ಲಿ ಸ್ವಂತ ಮಗ ಬಭ್ರುವಾಹನ. ಸಿಂಧು ದೇಶದಲ್ಲಿ, ತಾನು ಕೊಂದ ಜಯದ್ರಥನ ಮಗ ಅರ್ಜುನ ಬಂದ ಅನ್ನೋ ಸುದ್ದಿಗೇ ಪ್ರಾಣ ಬಿಡ್ತಾನೆ. ದುಶ್ಶಳೆ ಮೊಮ್ಮಗನನ್ನು ಕರೆತಂದು ಶಾಂತಿ ಬೇಡ್ತಾಳೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಕರ್ಣನ ಮಗ ವೃಷಕೇತು ಪಾಂಡವರ ಜೊತೆಯಲ್ಲೇ ಯುದ್ಧಕ್ಕೆ ಹೊರಡ್ತಾನೆ. ಗೆದ್ದವರು ಗೆದ್ದೇ ಇದ್ದಾರೆ. ಗೆಲುವಿನ ಲೆಕ್ಕ ಮಾತ್ರ ಬಾಕಿ. ಮುಂದಿನ ಭಾಗ ಅಂದ್ರೆ ಅದು.

ಹಾಗಾಗಿ ಎರಡನೇ ಭಾಗ ನಡೆಸುವವರು ಶತ್ರುವನ್ನು ಹುಡುಕುವ ಮೊದಲು ಹಳೇ ನೋಟ್‌ಬುಕ್ ತೆಗೀರಿ. ಆಟಗಾರರ ಗೆಲುವಿನಿಂದ ಯಾರಿಗೆ ಲಾಭ ಆಯ್ತು, ಯಾರು ಬೀದಿಗೆ ಬಿದ್ದರು, ಕೊಟ್ಟ ಯಾವ ಮಾತು ಹಾಗೇ ಉಳೀತು, ಬರೆದುಕೊಳ್ಳಿ. ಹದಿನೈದಿಪ್ಪತ್ತು ವರ್ಷ ದಾಟಿಸಿ. ಸೋತ ಸರದಾರನ ಮಗಳು ಹೊಸ ನಾಯಕಿ ಯಾಕಾಗಬಾರದು? ಹೊಸ ಪಾತ್ರಗಳು ಒಂದನೇ ಲೆವೆಲ್ಲಿನಿಂದಲೇ ಶುರುವಾಗಲಿ. ಹಳೇ ಪಾತ್ರದ ಬಾಯಲ್ಲಿ ಒಂದು ಮಾತು ಆಡಿಸುವ ಮೊದಲು ಅದನ್ನು ಆಡಿದವರಿಗೆ ಫೋನ್ ಮಾಡಿ ಕೇಳಿ. ಅವರು ಯಾವ ದೇಶದಲ್ಲಿದ್ದರೂ ಸರಿ.

ಊರಿಗೆ ಕಷ್ಟ ಬರಲೇಬಾರದು ಅಂತ ನಾನು ಹೇಳ್ತಿಲ್ಲ. ಬರಲಿ, ಆದರೆ ಆಟಗಾರರ ಕಣ್ಣೆದುರು ಬರಲಿ, ತಡೆಯೋಕೆ ಅವರಿಗೊಂದು ಅವಕಾಶ ಇರಲಿ. ದಾಳ ಹಾಕಿ ಸೋತರೆ ಯಾರೂ ಅಳಲ್ಲ. ದಾಳ ಮುಟ್ಟುವ ಮೊದಲೇ ಸೋಲಿಸಿದರೆ ಯಾವ ಆಟಗಾರನೂ ಮತ್ತೆ ಆ ಮೇಜಿಗೆ ಬರಲ್ಲ.

ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ನಾನಂತೂ ರೆಡಿ :)