ಮೊದಲು ಕಾವೇರಿಯ ಲೆಕ್ಕ ಕೊಡಿ

ಕೃಷ್ಣರಾಜಸಾಗರದ ಬೃಂದಾವನವನ್ನು 2,663 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಲು ರಾಜ್ಯ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆ ನೀಡಿತು. ಅಲ್ಲಿ ಮನರಂಜನಾ ಉದ್ಯಾನ ಬೇಡವೆಂದು ಮಂಡ್ಯದ ರೈತರು 2025ರಲ್ಲಿ ಬೀದಿಗಿಳಿದರು. ಪ್ರವಾಸೋದ್ಯಮದಿಂದ ಉದ್ಯೋಗ ಹೆಚ್ಚುವುದೆಂಬ ವಾದವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಅಲ್ಲಗಳೆಯಲಾರೆ. ಆದರೆ ಆದಾಯದ ಎದುರಿಗೆ ನದಿಯ ನಷ್ಟವನ್ನೂ ಬರೆಯಬೇಕಲ್ಲವೆ?

ಅಣೆಕಟ್ಟೆಯ ಕೆಳಗಿರುವ ರಂಗನತಿಟ್ಟು 1940ರಿಂದ ಪಕ್ಷಿಧಾಮ. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿನ ನಡುಗಡ್ಡೆಗಳ ಗೂಡುಗಳಿಗೆ ಹೊಳೆಯ ಹರಿವೇ ಆಧಾರ.

ನಾನಿರುವ ಕೆಸರೆಯಲ್ಲಿ ಮೈಸೂರಿನ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕವಿದೆ. ಊರು ಬೆಳೆದ ಮೇಲೆ ಕೊಳಚೆಯ ಚಿಂತೆ ಮಾಡುವುದು ಎಷ್ಟು ದುಬಾರಿಯೆಂಬುದನ್ನು ನಾವು ಬಲ್ಲೆವು. ಉದ್ಯಾನಕ್ಕೆ ಬೇಕಾಗುವ ನೀರೆಷ್ಟು, ಪ್ರವಾಸಿಗರಿಂದ ಹೊರಬೀಳುವ ಕೊಳಚೆಯೆಷ್ಟು, ಬೇಸಿಗೆಯಲ್ಲಿ ಹೊಳೆಗೆ ಉಳಿಯುವುದೆಷ್ಟು? ಈ ಮೂರರ ಲೆಕ್ಕವನ್ನು ಸರ್ಕಾರ ಕಾಮಗಾರಿಗೆ ಮೊದಲೇ ಜನರ ಮುಂದಿಡಲಿ.